ಹಿಂಬರುವವನಿಗೆ ಆಡಿದ ಮಾತು

ಪತಂಜಲಿಯ ಯೋಗಸೂತ್ರದ ಎರಡನೆಯ ಪಾದದಲ್ಲಿ ಯಮಗಳನ್ನು ಎಣಿಸುವ ಸೂತ್ರಕ್ಕೆ ಭಾಷ್ಯವನ್ನು ರಚಿಸಿದ ವ್ಯಾಸರು, ಸತ್ಯದ ವಿಚಾರಕ್ಕೆ ಬಂದಾಗ, ಕಂಡುದನ್ನೂ ಊಹಿಸಿದುದನ್ನೂ ಕೇಳಿದುದನ್ನೂ ಇದ್ದುದು ಇದ್ದಂತೆಯೇ ಹೇಳಬೇಕೆಂದು ವಿಧಿಸಿ ಅಷ್ಟಕ್ಕೇ ಸುಮ್ಮನಾಗುವುದಿಲ್ಲ. ಮಾತೆಂಬುದು ಹುಟ್ಟಿರುವುದೇ ಒಬ್ಬನ ತಿಳಿವು ಮತ್ತೊಬ್ಬನಲ್ಲಿ ಸಂಕ್ರಮಿಸಲೆಂದು. ಆದುದರಿಂದ ಅದರಲ್ಲಿ ವಂಚನೆಯಿರಬಾರದು, ಭ್ರಾಂತಿಯಿರಬಾರದು, ಕೊನೆಯದಾಗಿ, ಕೇಳುವವನಲ್ಲಿ ಯಾವ ಅರಿವನ್ನೂ ಹುಟ್ಟಿಸಲಾರದ ಬಂಜೆತನವೂ ಇರಬಾರದು ಎಂಬುದು ಅವರ ಅಭಿಪ್ರಾಯ. ಮೊದಲೆರಡು ದೋಷಗಳನ್ನು ಕುರಿತು ನಮ್ಮ ಧರ್ಮಗ್ರಂಥಗಳೂ ಪುರಾಣಕಥೆಗಳೂ ಬಹಳವಾಗಿ ಹೇಳಿವೆ. ಮೂರನೆಯದಾದ ಪ್ರತಿಪತ್ತಿವಂಧ್ಯತ್ವವನ್ನು ಮಾತ್ರ, ಆರ್ಯರ ಮುಂದೆ ಮ್ಲೇಚ್ಛಭಾಷೆಯನ್ನಾಡಿದಂತೆ ಎಂಬ ಒಂದು ಉದಾಹರಣೆಯೊಡನೆ ವಾಚಸ್ಪತಿಮಿಶ್ರರು ಮುಗಿಸಿಬಿಟ್ಟರು. ಆಮೇಲಿನವರೂ ಅದನ್ನು ಅಷ್ಟಾಗಿ ಬೆಳೆಸಿದಂತೆ ತೋರದು. ನನಗೆ ಈ ಮೂರನೆಯ ದೋಷವೇ ಹೆಚ್ಚು ಕಳವಳಕಾರಿಯಾಗಿ ಕಾಣುತ್ತದೆ. ವಂಚಕನಿಗೆ ತನ್ನ ವಂಚನೆ ಗೊತ್ತು. ಭ್ರಾಂತನನ್ನು ಯಾರಾದರೂ ತಿದ್ದಬಹುದು. ಆದರೆ ಶುದ್ಧವಾದ ಮನಸ್ಸಿನಿಂದ, ಸರಿಯಾದ ತಿಳಿವಿನಿಂದ ಮಾತನ್ನು ಕಳುಹಿಸಿ, ಅದು ನಡುದಾರಿಯಲ್ಲಿ ಕೆಟ್ಟುಹೋದುದನ್ನು ಎಂದೆಂದಿಗೂ ಅರಿಯದಿರುವವನು ಸತ್ಯವಂತನೋ ಅಲ್ಲವೋ ಎಂಬ ಪ್ರಶ್ನೆ ಅಷ್ಟು ಸುಲಭವಾಗಿ ಬಗೆಹರಿಯುವಂಥದಲ್ಲ.

ಈ ಪ್ರಶ್ನೆಯನ್ನು ಎಣ್ಣೆ ಮತ್ತು ಧೂಳಿನ ನಡುವೆ, ನೆಲದ ಮೇಲೆ ಮಂಡಿಯೂರಿ ವಿಚಾರಿಸುವ ಸಂದರ್ಭವೊಂದು ಉಂಟು. ಬ್ರಿಟನ್ನಿನಲ್ಲಿ ಬೇಸಗೆಯ ರಜೆ ಬಂದಿತೆಂದರೆ, ಮಲಗಲು ಹಾಸಿಗೆ, ಅಡುಗೆಗೆ ಒಲೆ, ಉಣ್ಣಲು ಮೇಜು ಇವೆಲ್ಲವನ್ನೂ ಒಳಗೊಂಡ ಗಾಲಿಯ ಮನೆಯೊಂದನ್ನು ಕಾರಿನ ಹಿಂದೆ ಕಟ್ಟಿಕೊಂಡು, ಡೆವನ್, ಕಾರ್ನ್‌ವಾಲ್‌ಗಳ ಕಡಲತೀರಕ್ಕೋ ವೇಲ್ಸಿನ ಬೆಟ್ಟಗಳಿಗೋ ಸಂಸಾರಸಮೇತರಾಗಿ ಹೊರಡುವುದು ಅನೇಕರ ಹಳೆಯ ರೂಢಿ. ಕ್ಯಾರವಾನ್ ಎಂದು ಕರೆಯಲ್ಪಡುವ ಈ ಮನೆಯನ್ನು ಎಳೆಯುವ ಕಾರು ಹೆದ್ದಾರಿಯಲ್ಲಿ ಗಂಟೆಗೆ 60 ಮೈಲಿಯನ್ನೂ, ಊರ ಹೊರಗಿನ ಒಂಟಿ ರಸ್ತೆಯಲ್ಲಿ 50 ಮೈಲಿಯನ್ನೂ ಮೀರಕೂಡದೆಂದು ಅಲ್ಲಿಯ ಶಾಸನವಿದೆ. ಕ್ಯಾರವಾನಿನ ಬೆನ್ನು ಕಾರಿಗಿಂತ ಅಗಲ, ಎತ್ತರ. ಅದನ್ನು ಕೊಂಡಿಗೆ ಹಾಕಿದ ಕ್ಷಣದಿಂದ ಕಾರಿನ ಹಿಂಬದಿಯ ದೀಪಗಳೆಲ್ಲ ಹಿಂದೆ ಬರುವವನ ಕಣ್ಣಿಗೆ ಮರೆಯಾಗಿಬಿಡುತ್ತವೆ. ಎಡಕ್ಕೆ ತಿರುಗುತ್ತೇನೆ, ವೇಗವನ್ನು ಕುಗ್ಗಿಸುತ್ತೇನೆ, ಕತ್ತಲೆಯಲ್ಲಿ ಇಗೋ ಇಲ್ಲಿದ್ದೇನೆ ಎಂದು ಚಾಲಕನು ಹೇಳಬಯಸುವುದೆಲ್ಲವೂ ಕಾರಿಗೂ ಕ್ಯಾರವಾನಿಗೂ ನಡುವೆ ಜೋತಾಡುವ ಒಂದು ಕೇಬಲ್ಲಿನ ಮೂಲಕ ಹಾದು, ಹಲವು ಗಜಗಳಾಚೆ, ಅವನು ಎಂದೂ ನೋಡಲಾಗದ ದೀಪಗಳಲ್ಲಿ ಉಚ್ಚಾರವಾಗಬೇಕು. ತನ್ನ ಮಾತನ್ನು ತಾನು ಕೇಳಲಾರದ ವಕ್ತೃವಿನ ಸ್ಥಿತಿ ಅವನದು.

ದೀಪವನ್ನು ನಾನು ಮಾತೆಂದು ಕರೆಯುವುದು ಕೇವಲ ಅಲಂಕಾರಕ್ಕಾಗಿ ಅಲ್ಲ. ನ್ಯಾಯದರ್ಶನದಲ್ಲಿ ಶಬ್ದಪ್ರಮಾಣವೆಂದರೆ ಆಪ್ತನ ಉಪದೇಶ. ಆಪ್ತನೆಂದರೆ ವಿಷಯವನ್ನು ತಾನು ಸಾಕ್ಷಾತ್ತಾಗಿ ಅರಿತು, ಅರಿತಂತೆಯೇ ಪರರಿಗೆ ತಿಳಿಸಬೇಕೆಂಬ ಇಚ್ಛೆಯಿಂದ ಪ್ರವೃತ್ತನಾದವನು. ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದು ವಾತ್ಸ್ಯಾಯನನು ತನ್ನ ಭಾಷ್ಯದಲ್ಲಿ ಉದಾರವಾಗಿ ಸೇರಿಸಿದ್ದಾನೆ. ಹೆದ್ದಾರಿಯಲ್ಲಿ ಹಿಂದೆ ಬರುವವನು ಮುಂದಿನವನ ಕುಲಗೋತ್ರಗಳನ್ನು ಬಲ್ಲನೆ? ಮುಖವನ್ನಾದರೂ ಕಂಡಿರುವನೆ? ಕೆಂಪು ದೀಪ ಹತ್ತಿದೊಡನೆ ತನ್ನ ಪ್ರಾಣವನ್ನೂ ಮಡದಿಮಕ್ಕಳ ಪ್ರಾಣವನ್ನೂ ಆ ಒಂದು ಬೆಳಕಿಗೆ ಒಪ್ಪಿಸಿ ಬ್ರೇಕನ್ನು ಒತ್ತುತ್ತಾನೆ. ಗುಣವನ್ನು ಪರೀಕ್ಷಿಸುವ ಅವಕಾಶವೇ ಇಲ್ಲದೆ ಅಪರಿಚಿತನನ್ನು ಆಪ್ತನೆಂದು ಸ್ವೀಕರಿಸುವ ಇಂಥ ನಂಬಿಕೆ ಮನುಷ್ಯರ ಬಾಳಿನಲ್ಲಿ ಬೇರೆಡೆ ವಿರಳ.

ಕೇಬಲ್ಲಿನ ರಚನೆಯೇನೋ ಸರಳ. ಹಿಂದೆ ಏಳು ಪಿನ್ನುಗಳ ಎರಡು ಪ್ಲಗ್ಗುಗಳಿದ್ದುವು: 12ಎನ್ ಎಂಬ ಕಪ್ಪು ಪ್ಲಗ್ಗು ರಸ್ತೆಯ ದೀಪಗಳಿಗೆ, 12ಎಸ್ ಎಂಬುದು ಫ್ರಿಜ್ಜು, ಒಳಗಿನ ಬ್ಯಾಟರಿ ಮುಂತಾದ ಮನೆಯ ಉಪಯೋಗಕ್ಕೆ. 2008ರ ಸುಮಾರಿನಿಂದ ಹೊಸ ಕ್ಯಾರವಾನುಗಳಲ್ಲಿ ಇವೆರಡರ ಕೆಲಸವನ್ನೂ ಹದಿಮೂರು ಪಿನ್ನುಗಳ ಒಂದೇ ಪ್ಲಗ್ಗು ವಹಿಸಿಕೊಂಡಿದೆ. ಅದನ್ನು ಸಾಕೆಟ್ಟಿಗೆ ತುರುಕಿ ತಿರುಚಿದರೆ ಭದ್ರವಾಗಿ ಕೂರುತ್ತದೆ. ಎಡದ ಇಂಡಿಕೇಟರಿಗೆ ಹಳದಿ ವೈರು, ಬಲದ್ದಕ್ಕೆ ಹಸಿರು, ಬ್ರೇಕ್ ದೀಪಕ್ಕೆ ಕೆಂಪು, ಎರಡು ಪಾರ್ಶ್ವಗಳ ಟೇಲ್ ಲೈಟುಗಳಿಗೆ ಕಪ್ಪು ಮತ್ತು ಕಂದು, ಮಂಜಿನ ದೀಪಕ್ಕೆ ನೀಲಿ. ಮೂರನೆಯ ಪಿನ್ನಿಗೆ ಬಿಳಿಯ ವೈರು. ಈ ಬಿಳಿಯ ವೈರು ಯಾವ ದೀಪದ್ದೂ ಅಲ್ಲ, ಎಲ್ಲ ದೀಪಗಳದ್ದೂ ಹೌದು: ಬೇರೆ ಬೇರೆ ವೈರುಗಳಲ್ಲಿ ಹೋದ ವಿದ್ಯುತ್ತು ತನ್ನ ಕೆಲಸವನ್ನು ತೀರಿಸಿ ಬ್ಯಾಟರಿಗೆ ಮರಳುವುದು ಇದೊಂದರಿಂದಲೇ. ಅರ್ಥಿಂಗ್ ಎಂದು ಕೆಲಸಗಾರರು ಕರೆಯುವುದು ಇದನ್ನೇ.

ಕ್ಯಾರವಾನಿನ ದೀಪಗಳು ಕೆಟ್ಟಾಗ, ಅನುಭವಿಗಳು ಎಲ್ಲಕ್ಕಿಂತ ಮೊದಲು ಸಂಶಯಪಡುವುದು ಈ ಬಿಳಿಯ ವೈರನ್ನು. ಇದರ ದೋಷ ತೋರುವ ರೀತಿಯಾದರೋ ತತ್ತ್ವಜಿಜ್ಞಾಸುವಿನ ಮನಸ್ಸನ್ನು ಹಿಡಿದು ನಿಲ್ಲಿಸುವಂಥದು. ಚಳಿಗಾಲವೆಲ್ಲ ಮಳೆಯಲ್ಲಿ ನಿಂತ ಕ್ಯಾರವಾನಿನ ಪ್ಲಗ್ಗಿನೊಳಗೆ ನೀರು ಸೇರಿ, ಹಿತ್ತಾಳೆಯ ಪಿನ್ನಿಗೆ ಹಸಿರು ಕಿಲುಬು ಹತ್ತಿ, ಮೂರನೆಯ ಪಿನ್ನಿನ ಸಂಪರ್ಕ ಕಡಿದಿದೆ ಎನ್ನೋಣ. ಹೋಗುವ ದಾರಿಗಳೆಲ್ಲ ನೆಟ್ಟಗಿವೆ, ಬರುವ ದಾರಿ ಮುಚ್ಚಿದೆ. ಆಗ ದೀಪಗಳೆಲ್ಲ ಒಮ್ಮೆಗೇ ಆರಿಹೋಗಬೇಕೆಂದು ನಾವು ಊಹಿಸುತ್ತೇವೆ, ಅದು ಹಾಗಾಗುವುದಿಲ್ಲ. ಕಾಲುವೆ ಕಟ್ಟಿಕೊಂಡಾಗ ನೀರು ಬದುವನ್ನೊಡೆದು ನೆರೆಯವನ ಗದ್ದೆಗೆ ನುಗ್ಗುವಂತೆ, ಎಡದ ಇಂಡಿಕೇಟರಿನ ತಂತುವನ್ನು ದಾಟಿದ ವಿದ್ಯುತ್ತು, ತನ್ನ ಸಹಜವಾದ ಮರುದಾರಿಯನ್ನು ಕಾಣದೆ, ಬ್ರೇಕ್ ದೀಪಗಳ ಮತ್ತು ಟೇಲ್ ಲೈಟುಗಳ ತಂತುಗಳನ್ನು ಹಿಂದುಮುಂದಾಗಿ ಹೊಕ್ಕು, ಅವುಗಳ ವೈರುಗಳಲ್ಲೇ ಕಾರಿನತ್ತ ಹಿಮ್ಮುಖವಾಗಿ ಹರಿದು, ಕಾರಿನ ಅದೇ ಜಾತಿಯ ದೀಪಗಳ ಮೂಲಕ ಅದರ ಚಾಸಿಯನ್ನು ಸೇರುತ್ತದೆ. ತಂತುದೀಪಗಳನ್ನು ನೇರವಾಗಿ ಜೋಡಿಸಿದ ಹಳೆಯ ಕಾರುಗಳಲ್ಲಿ ಇದು ನಿತ್ಯದರ್ಶನ. ತಣ್ಣಗಿರುವ ತಂತುವಿನ ಪ್ರತಿರೋಧ ಕಾದ ತಂತುವಿನದರಲ್ಲಿ ಸುಮಾರು ಹತ್ತನೆಯ ಒಂದು ಪಾಲು ಮಾತ್ರವಾದುದರಿಂದ, ಉಳಿದ ದೀಪಗಳು ಆರಿರುವಾಗ ಈ ಕಳ್ಳದಾರಿ ಬಹಳ ಸುಗಮ. ಇಂಡಿಕೇಟರು ಹೆಚ್ಚುಕಡಮೆ ಸರಿಯಾಗಿಯೇ ಮಿನುಗುತ್ತದೆ. ಹಾಗೆಯೇ ಬ್ರೇಕ್ ದೀಪ ಒಂದನ್ನೇ ಹತ್ತಿಸಿದರೂ ಅದು ಹೇಗೋ ಹತ್ತೀತು. ಆದರೆ ಟೇಲ್ ಲೈಟು ಉರಿಯುತ್ತಿದ್ದು, ಇಂಡಿಕೇಟರು ಮಿನುಗುತ್ತಿದ್ದು, ಆಗಲೇ ಬ್ರೇಕನ್ನೂ ಒತ್ತಿದರೆ, ಒಂದರ ಮರುದಾರಿಯನ್ನು ಮತ್ತೊಂದು ಹೋಗುವ ದಾರಿಯಾಗಿ ಆಕ್ರಮಿಸಿಬಿಡುತ್ತದೆ. ಸ್ಥಿರವಾಗಿ ನಿಲ್ಲಬೇಕಾದ ಕೆಂಪು ದೀಪ ಇಂಡಿಕೇಟರಿನ ತಾಳಕ್ಕೆ ಕಂಪಿಸುತ್ತದೆ, ಮಿನುಗಬೇಕಾದುದು ಮಂಕಾಗಿ ನಿಂತುಬಿಡುತ್ತದೆ. ಕೆಲವು ಟ್ರೇಲರುಗಳಲ್ಲಂತೂ ಕೊಂಡಿಯ ಲೋಹದ ಗುಂಡೇ ಅರ್ಥಿಂಗಿನ ಕೆಲಸವನ್ನು ಅನಧಿಕೃತವಾಗಿ ಮಾಡುತ್ತಿದ್ದು, ರಸ್ತೆಯ ಹಳ್ಳದಲ್ಲಿ ಗಾಡಿ ಕುಲುಕಿದಾಗ ಮಾತ್ರ ದೀಪಗಳು ತಪ್ಪುತ್ತವೆ. ಅಂಗಳದಲ್ಲಿ ನಿಲ್ಲಿಸಿ ನೋಡಿದರೆ ಯಾವ ಕೊರತೆಯೂ ಕಾಣದು.

ಒಂದೊಂದು ಮಾತನ್ನು ಬಿಡಿಬಿಡಿಯಾಗಿ ಆಡಿದಾಗ ಸರಿಯಾಗಿದ್ದು, ಅವು ಕೂಡಿದಾಗ ಮಾತ್ರ ಅಸತ್ಯವಾಗುವ ಈ ವಿಚಿತ್ರಸ್ಥಿತಿ ನನ್ನನ್ನು ಬಹಳ ಚಿಂತೆಗೆ ಹಚ್ಚಿದೆ. ಹಿಂದಿನವನಿಗೆ ಸುಳ್ಳನ್ನು ಹೇಳುತ್ತಿರುವವರು ಇಲ್ಲಿ ಯಾರು? ಚಾಲಕನ ಸಂಕಲ್ಪದಲ್ಲಿ ದೋಷವಿಲ್ಲ. ಸ್ವಿಚ್ಚಿನಲ್ಲಿ, ಬಲ್ಬಿನಲ್ಲಿ ದೋಷವಿಲ್ಲ. ಎಲ್ಲರಿಗೂ ಸಾಮಾನ್ಯವಾಗಿದ್ದು ಯಾರ ಹೆಸರಿನಲ್ಲೂ ಇಲ್ಲದ ಒಂದು ಆಶ್ರಯ ಸಡಿಲವಾದುದರಿಂದ ಒಳ್ಳೆಯ ಅಂಗಗಳೆಲ್ಲ ಸೇರಿ ಅಪಾರ್ಥವನ್ನು ಉಂಟುಮಾಡಿವೆ. ದೋಷವು ಕಾಣುವ ಸ್ಥಳ ಒಂದು, ಇರುವ ಸ್ಥಳ ಇನ್ನೊಂದು.

ದೀಪ ಹತ್ತದಿದ್ದರೆ ಬಲ್ಬನ್ನು ಬದಲಾಯಿಸುವುದು ಅಜ್ಞನ ಮೊದಲ ಕೆಲಸ. ದೀಪ ಹತ್ತುತ್ತಿಲ್ಲ, ಆದುದರಿಂದ ಬಲ್ಬು ಸುಟ್ಟಿದೆ ಎಂಬ ಅವನ ಅನುಮಾನದಲ್ಲಿ ಹೇತು ಸವ್ಯಭಿಚಾರ: ಬಲ್ಬು ಸುಟ್ಟಲ್ಲಿ ಕತ್ತಲೆಯಿರುವಂತೆ, ಫ್ಯೂಸ್ ಹಾರಿದಲ್ಲೂ, ಪಿನ್ನು ಕಿಲುಬಿದಲ್ಲೂ, ಹೊರಗಿನ ಹೊದಿಕೆ ಅಖಂಡವಾಗಿದ್ದು ಒಳಗಿನ ತಾಮ್ರ ತುಂಡಾದಲ್ಲೂ ಕತ್ತಲೆಯುಂಟು. ಬಲ್ಲವನು ಅನ್ವಯವ್ಯತಿರೇಕಗಳನ್ನು ಹಿಡಿಯುತ್ತಾನೆ. ಇದೇ ಕ್ಯಾರವಾನನ್ನು ಬೇರೊಂದು ಕಾರಿಗೆ, ಇದೇ ಕಾರಿಗೆ ಬೇರೊಂದು ಕ್ಯಾರವಾನನ್ನು ಜೋಡಿಸಿ, ದೋಷ ಯಾವುದರ ಜೊತೆಯಲ್ಲಿ ಹೋಯಿತೆಂದು ನೋಡುತ್ತಾನೆ. ಆಮೇಲೆ ಬ್ಯಾಟರಿಯ ಋಣಧ್ರುವದಿಂದ ಉದ್ದನೆಯ ವೈರೊಂದನ್ನು ಎಳೆತಂದು ಕ್ಯಾರವಾನಿನ ಅರ್ಥಿಂಗಿಗೆ ಮುಟ್ಟಿಸುತ್ತಾನೆ. ಮುಟ್ಟಿಸಿದಾಗ ದೀಪಗಳ ಗೊಂದಲ ಅಡಗಿ, ತೆಗೆದಾಗ ಮರಳಿದರೆ, ಆ ಬಿಳಿಯ ದಾರಿಯೇ ಕಾರಣವೆಂಬ ನಿಶ್ಚಯಕ್ಕೆ ಇನ್ನೇನು ಬೇಕು? ಪರ್ವತದ ಹೊಗೆಯನ್ನು ಹಿಡಿದು ತರ್ಕವನ್ನು ಕಲಿಸುವ ನಮ್ಮ ಪಾಠಶಾಲೆಗಳಲ್ಲಿ ಈ ಬಗೆಯ ಅಭ್ಯಾಸವೂ ಒಂದಿದ್ದರೆ, ಹೇತ್ವಾಭಾಸಗಳು ಬಾಯಿಪಾಠವಾಗುವುದರ ಜೊತೆಗೆ ಕೈಪಾಠವೂ ಆದಾವೆಂದು ನನಗೆ ಅನ್ನಿಸುತ್ತದೆ.

ಪರೀಕ್ಷೆಯಲ್ಲಿಯೇ ಒಂದು ಮೋಸವಿದೆ. ಅದು ಇನ್ನೂ ಸೂಕ್ಷ್ಮ. ಈ ಕಾಲದ ಡಿಜಿಟಲ್ ಮೀಟರು ಅಳೆಯುವಾಗ ತನ್ನ ಪಾಲಿಗೆ ಎಳೆದುಕೊಳ್ಳುವ ವಿದ್ಯುತ್ತು ಅತ್ಯಲ್ಪ. ಅದರ ಒಳಪ್ರತಿರೋಧ ಸಾಮಾನ್ಯವಾಗಿ ಒಂದು ಕೋಟಿ ಓಮ್. ಕಿಲುಬಿದ ಪಿನ್ನು ಐದು ಓಮಿನ ತಡೆಯನ್ನು ಒಡ್ಡುತ್ತಿದ್ದರೂ, ಆ ಕೋಟಿಯ ಮುಂದೆ ಐದು ಗಣನೆಗೇ ಬಾರದು. ಮೀಟರು ಹನ್ನೆರಡು ವೋಲ್ಟನ್ನು ನಿಸ್ಸಂಕೋಚವಾಗಿ ತೋರಿಸುತ್ತದೆ. ಅದೇ ಸ್ಥಳದಲ್ಲಿ 21 ವ್ಯಾಟಿನ ಬಲ್ಬನ್ನು ಇಟ್ಟರೆ ಅದು 1.75 ಆಂಪಿಯರನ್ನು ಬೇಡುತ್ತದೆ. ಉರಿಯುವಾಗ ಅದರ ಪ್ರತಿರೋಧವೇ ಏಳು ಓಮ್ ಆದುದರಿಂದ, ಐದು ಓಮಿನ ತಡೆ ಅದರ ಪಾಲಿನ ಒತ್ತಡವನ್ನು ಸುಮಾರು ಅರ್ಧಕ್ಕೆ ಇಳಿಸಿಬಿಡುತ್ತದೆ, ಬೆಳಕು ಹತ್ತರಲ್ಲೊಂದು ಪಾಲಿನ ಆಸುಪಾಸಿಗೆ ಕುಸಿಯುತ್ತದೆ. ಏನನ್ನೂ ಬೇಡದ ಪರೀಕ್ಷಕನಿಗೆ ಎಲ್ಲವೂ ಪೂರ್ಣವಾಗಿ ಕಂಡಿತು. ದುಡಿಮೆಯನ್ನು ಬೇಡಿದವನಿಗೆ ಕೊರತೆ ಗೊತ್ತಾಯಿತು. ಆದುದರಿಂದಲೇ ಬಲ್ಲವರು ಮೀಟರಿಗಿಂತ ಒಂದು ಸಾಮಾನ್ಯ ಬಲ್ಬಿಗೆ ಎರಡು ವೈರು ಕಟ್ಟಿದ ಟೆಸ್ಟ್ ಲ್ಯಾಂಪನ್ನು ಇಲ್ಲಿ ಹೆಚ್ಚು ನಂಬುತ್ತಾರೆ. ವೋಲ್ಟಿದ್ದೆಡೆಯಲ್ಲಿ ಬೆಳಕುಂಟೆಂಬ ವ್ಯಾಪ್ತಿ, ಬೆಂಕಿಯಿದ್ದೆಡೆಯಲ್ಲಿ ಹೊಗೆಯುಂಟೆಂಬ ವ್ಯಾಪ್ತಿಯ ಹಾಗೆ, ಸೋಪಾಧಿಕ. ಅಲ್ಲಿ ಹಸಿಯ ಸೌದೆ ಉಪಾಧಿಯಾದಂತೆ ಇಲ್ಲಿ ಭಾರವನ್ನು ಹೊರಬಲ್ಲ ಅಖಂಡವಾದ ಮಾರ್ಗ ಉಪಾಧಿ. ಪ್ರವೃತ್ತಿ ಸಫಲವಾದುದರಿಂದಲೇ ಪ್ರಮಾಣ ಅರ್ಥವುಳ್ಳದ್ದೆಂದು ವಾತ್ಸ್ಯಾಯನನು ತನ್ನ ಭಾಷ್ಯದ ಆರಂಭದಲ್ಲೇ ಸಾರಿದ್ದೂ, ಪ್ರಯೋಜನವನ್ನು ಸಾಧಿಸುವ ಶಕ್ತಿಯೇ ವಸ್ತುವಿನ ಇರವೆಂದು ಧರ್ಮಕೀರ್ತಿ ವಾದಿಸಿದ್ದೂ, ತಮ್ಮತಮ್ಮೊಳಗೆ ಎಷ್ಟೇ ವಿರೋಧವಿರಲಿ, ಈ ಟೆಸ್ಟ್ ಲ್ಯಾಂಪಿನ ಬಳಿಯಲ್ಲಿ ಕೈಕೈ ಹಿಡಿಯುತ್ತವೆ.

ಈಗ ಮೊದಲಿನ ಪ್ರಶ್ನೆಗೆ ಬರಬಹುದು. ತನ್ನ ಬೆನ್ನ ಹಿಂದಿನ ದೀಪ ಅಸತ್ಯವನ್ನು ನುಡಿಯುತ್ತಿರುವುದನ್ನು ಅರಿಯದ ಚಾಲಕನು ದೋಷಿಯೆ? ಸಂಕಲ್ಪವೇ ಪ್ರಧಾನವೆನ್ನುವವರು ಅವನನ್ನು ಬಿಟ್ಟುಬಿಡುತ್ತಾರೆ. ಫಲವೇ ಪ್ರಧಾನವೆನ್ನುವವರು ಅಪಘಾತವಾದರೆ ಹಿಡಿಯುತ್ತಾರೆ, ಆಗದಿದ್ದರೆ ಮರೆಯುತ್ತಾರೆ. ಈ ಎರಡೂ ನನಗೆ ಸಮ್ಮತವಲ್ಲ. ಇಲ್ಲಿ ನಮಗೆ ನೆರವಾಗುವವರು ಜೈನಾಚಾರ್ಯರು. ಜೀವವು ಸಾಯಲಿ ಬದುಕಲಿ, ಎಚ್ಚರವಿಲ್ಲದೆ ನಡೆಯುವವನಿಗೆ ಹಿಂಸೆ ನಿಶ್ಚಿತ. ಎಚ್ಚರದಿಂದ ಹೆಜ್ಜೆಯಿಡುವವನ ಕಾಲಡಿಯಲ್ಲಿ ಕ್ರಿಮಿಯೊಂದು ಅಕಸ್ಮಾತ್ತಾಗಿ ಸತ್ತರೂ ಅಷ್ಟುಮಾತ್ರದಿಂದ ಅವನಿಗೆ ಬಂಧವಿಲ್ಲ ಎಂದು ಕುಂದಕುಂದಾಚಾರ್ಯರು ಪ್ರವಚನಸಾರದಲ್ಲಿ ನಿರ್ಣಯಿಸಿದ್ದಾರೆ. ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣದಲ್ಲಿಯೇ ಪ್ರಮಾದವನ್ನು ಸೇರಿಸಿದೆ. ನಮ್ಮ ನಾಡಿನೊಡನೆ ಹೆಸರು ಬೆಸೆದುಕೊಂಡಿರುವ ಪೂಜ್ಯಪಾದರು ತಮ್ಮ ಸರ್ವಾರ್ಥಸಿದ್ಧಿಯಲ್ಲಿ ಆ ಪ್ರಮಾದದ ಮಾತನ್ನು ಮುಂದಿನ ಅನೃತಲಕ್ಷಣಕ್ಕೂ ಅನ್ವಯಿಸಿದ್ದಾರೆ. ಈ ಅಳತೆಗೋಲಿನಿಂದ ನೋಡಿದರೆ, ಹೊರಡುವ ಮುನ್ನ ದೀಪಗಳನ್ನು ನೋಡದೆ ಹೊರಟು ದಾರಿಯುದ್ದಕ್ಕೂ ಅವು ಸರಿಯಾಗಿಯೇ ಉರಿದರೂ ಆ ಚಾಲಕನು ಸತ್ಯದಿಂದ ಜಾರಿದವನೇ. ಚೆನ್ನಾಗಿ ಪರೀಕ್ಷಿಸಿ ಹೊರಟವನ ಬಲ್ಬಿನ ತಂತು ನಡುದಾರಿಯಲ್ಲಿ ತುಂಡಾದರೆ ಅವನು ನಿರ್ದೋಷಿ. ಇದು ಕಠೋರವಾದ ತೀರ್ಪೆಂದು ಕೆಲವರಿಗೆ ತೋರಬಹುದು. ನನಗಾದರೋ ಇದರಲ್ಲಿ ದಯೆಯೇ ಕಾಣುತ್ತದೆ, ಏಕೆಂದರೆ ನಮ್ಮ ಕೈಯಲ್ಲಿಲ್ಲದ ಫಲದ ಹೊಣೆಯಿಂದ ನಮ್ಮನ್ನು ಬಿಡಿಸಿ, ನಮ್ಮ ಕೈಯಲ್ಲಿರುವ ಎಚ್ಚರವನ್ನು ಮಾತ್ರ ಇದು ಕೇಳುತ್ತದೆ. ಆ ಪೂರ್ವಭಾವಿಯಾದ ಎಚ್ಚರವೆಂದರೆ ಪಿನ್ನುಗಳನ್ನು ಉಜ್ಜಿ, ತೇವ ಹೋಗಲಾಡಿಸಿ, ತೆಳುವಾಗಿ ವ್ಯಾಸಲೀನನ್ನೋ ಸಿಲಿಕೋನ್ ಗ್ರೀಸನ್ನೋ ಸವರಿ, ದೀಪಗಳನ್ನು ಒಂದೊಂದಾಗಿಯೂ ಎಲ್ಲವನ್ನೂ ಕೂಡಿಸಿಯೂ ಹತ್ತಿಸಿ ನೋಡುವುದು. ಕೂಡಿಸಿ ನೋಡದಿದ್ದರೆ ನೋಡಿದಂತಾಗಲಿಲ್ಲ. ಅರ್ಥಿಂಗಿನ ದೋಷ ಹೊರಬೀಳುವುದೇ ಆಗ.

ಪರೀಕ್ಷೆ ಎಲ್ಲಿಗೆ ಸಾಕು ಎಂಬ ಆಕ್ಷೇಪವು ಇಲ್ಲಿ ಏಳುತ್ತದೆ. ದೀಪವನ್ನು ಟೆಸ್ಟ್ ಲ್ಯಾಂಪಿನಿಂದ ಪರೀಕ್ಷಿಸಿದೆ; ಟೆಸ್ಟ್ ಲ್ಯಾಂಪನ್ನು ಯಾವುದರಿಂದ ಪರೀಕ್ಷಿಸಲಿ? ಅದು ಹತ್ತದಿದ್ದರೆ ವೈರು ಸತ್ತಿದೆಯೆಂದು ತಿಳಿಯಲೆ, ಇದೇ ಸತ್ತಿದೆಯೆಂದು ತಿಳಿಯಲೆ? ಕೆಲಸಗಾರನು ಅದನ್ನು ಮೊದಲು ಕಾರಿನ ಬ್ಯಾಟರಿಗೆ ಮುಟ್ಟಿಸಿ ಹತ್ತುವುದನ್ನು ಕಂಡು, ಆಮೇಲೆ ಪಿನ್ನನ್ನು ಪರೀಕ್ಷಿಸಿ, ಕೊನೆಗೆ ಮತ್ತೊಮ್ಮೆ ಬ್ಯಾಟರಿಗೆ ಮುಟ್ಟಿಸಿ ನೋಡುತ್ತಾನೆ. ಬ್ಯಾಟರಿಗೆ ಪ್ರಮಾಣವೇನೆಂದು ಕೇಳುತ್ತ ಹೋದರೆ ಅನವಸ್ಥೆಯೇ ಗತಿ. ಜ್ಞಾನದ ಪ್ರಾಮಾಣ್ಯವನ್ನು ಬೇರೊಂದು ಜ್ಞಾನದಿಂದಲೇ ನಿಶ್ಚಯಿಸಬೇಕೆಂಬ ನೈಯಾಯಿಕರಿಗೆ ಮೀಮಾಂಸಕರು ಒಡ್ಡಿದ ಹಳೆಯ ಪಾಶ ಇದು. ಉಡುಪಿಯ ಮಧ್ವಾಚಾರ್ಯರ ಸಂಪ್ರದಾಯ ಇದನ್ನು ಬಿಡಿಸಿದ ಬಗೆ ನನಗೆ ಹೃದ್ಯವಾಗಿದೆ: ಸಂಶಯವಿದ್ದೆಡೆಯಲ್ಲಿ ಪರೀಕ್ಷೆ ನಡೆಯಲಿ, ಎಷ್ಟು ಬೇಕಾದರೂ ನಡೆಯಲಿ, ಆದರೆ ಆ ಪರೀಕ್ಷೆ ಸಾಕ್ಷಿಯಲ್ಲಿ ಕೊನೆಗಾಣಬೇಕು, ಸಾಕ್ಷಿಯೆಂಬುದು ಆತ್ಮಸ್ವರೂಪವೇ ಆದ, ದೋಷಸ್ಪರ್ಶವಿಲ್ಲದ ಅರಿವು, ಅದರ ನಿಶ್ಚಯವನ್ನೂ ಶಂಕಿಸುವವನಿಗೆ ಶಂಕೆಯುಂಟೆಂಬುದೂ ಗೊತ್ತಾಗಲಾರದು. ಪರೀಕ್ಷೆಯನ್ನು ಬೇಡುವುದರಲ್ಲಿ ನಾನು ನೈಯಾಯಿಕರ ಪಕ್ಷ. ಅದು ನಿಲ್ಲುವ ನೆಲೆಯ ವಿಚಾರದಲ್ಲಿ ಮಾಧ್ವರ ಪಕ್ಷ.

ಆದರೆ ಯಾರ ಸಾಕ್ಷಿ? ಕ್ಯಾರವಾನಿನ ಇಂಡಿಕೇಟರು ಕೆಲಸಮಾಡುತ್ತಿದೆಯೆಂದು ಚಾಲಕನಿಗೆ ಸದ್ದಿನಿಂದಲೋ ಸಣ್ಣ ದೀಪದಿಂದಲೋ ತಿಳಿಸುವ ಉಪಕರಣವಿರಬೇಕೆಂದು ಬ್ರಿಟನ್ನಿನ ನಿಯಮ ವಿಧಿಸುತ್ತದೆ, ಅದು ಒಳ್ಳೆಯದೇ. ಹೊಸ ಕಾರುಗಳ ಕಂಪ್ಯೂಟರು ಇನ್ನೂ ಮುಂದೆ ಹೋಗಿ, ಹಿಂದಿನ ಬಲ್ಬು ಸುಟ್ಟರೆ ಫಲಕದ ಮೇಲೆ ಸುದ್ದಿಯನ್ನು ಬರೆಯುತ್ತದೆ. ಆದರೆ ಇವು ಅರಿಯುವುದು ವೈರಿನಲ್ಲಿ ವಿದ್ಯುತ್ತು ಹರಿಯಿತೆಂಬುದನ್ನು. ಬೆಳಕಾಯಿತೆಂಬುದು ಅದರ ಮೇಲಣ ಊಹೆ. ತಂತುಬಲ್ಬಿನ ಬದಲು ಎಲ್‌ಇಡಿ ದೀಪವನ್ನು ಹಾಕಿದಾಗ ಅದು ಬಹಳ ಕಡಿಮೆ ವಿದ್ಯುತ್ತನ್ನು ಬೇಡುವುದರಿಂದ ಕಂಪ್ಯೂಟರು ಬಲ್ಬು ಸುಟ್ಟಿದೆಯೆಂದು ಭ್ರಮಿಸುತ್ತದೆ. ಅದನ್ನು ಸಮಾಧಾನಪಡಿಸಲು ಕೆಲವರು ದೀಪಕ್ಕೆ ಸಮಾಂತರವಾಗಿ ಒಂದು ರೆಸಿಸ್ಟರನ್ನು ಜೋಡಿಸುತ್ತಾರೆ. ಅದು ಬೆಳಕನ್ನು ಕೊಡದೆ ಬರಿಯ ಶಾಖವಾಗಿ ವಿದ್ಯುತ್ತನ್ನು ಕುಡಿಯುತ್ತದೆ, ಕಂಪ್ಯೂಟರು ಬಲ್ಬಿದೆಯೆಂದು ನಂಬುತ್ತದೆ. ಮುಂದೊಂದು ದಿನ ಎಲ್‌ಇಡಿ ಸತ್ತರೂ ರೆಸಿಸ್ಟರು ಸುಖವಾಗಿ ಕುಡಿಯುತ್ತಲೇ ಇರುತ್ತದೆ. ಚಾಲಕನ ಮುಂದಿನ ಫಲಕ ಕ್ಷೇಮವೆಂದೇ ಹೇಳುತ್ತಿರುತ್ತದೆ. ವ್ಯಾಸಭಾಷ್ಯದ ಮೂರು ದೋಷಗಳೂ ಇಲ್ಲಿ ಒಟ್ಟಿಗೆ ನೆರೆದುವು: ರೆಸಿಸ್ಟರು ವಂಚಿಸಿತು, ಕಂಪ್ಯೂಟರು ಭ್ರಾಂತವಾಯಿತು, ಹಿಂಬರುವವನಿಗೆ ಏನೂ ತಿಳಿಯಲಿಲ್ಲ. ಈ ಅಭ್ಯಾಸವನ್ನು ನಾನು ಎಷ್ಟು ಮಾತ್ರಕ್ಕೂ ಒಪ್ಪಲಾರೆ. ಕ್ಯಾರವಾನಿನ ದೀಪಗಳನ್ನು ಕಾರಿನ ಜಾಲದಿಂದ ಬೇರ್ಪಡಿಸಿ ರಿಲೇಯ ಮೂಲಕ ಬ್ಯಾಟರಿಯಿಂದಲೇ ಉರಿಸುವ ಪ್ರಾಮಾಣಿಕವಾದ ಉಪಾಯ ಇರುವಾಗ, ಎಚ್ಚರಿಸುವವನ ಬಾಯಿಯನ್ನು ಹೀಗೆ ಮುಚ್ಚುವುದು ಏತಕ್ಕೆ?

ಇವನ್ನೆಲ್ಲ ಬಲ್ಲ ಹಳಬರು, ಎಷ್ಟು ಉಪಕರಣಗಳಿದ್ದರೂ, ಹೊರಡುವ ಮುನ್ನ ಮನೆಯವರೊಬ್ಬರನ್ನು ಕ್ಯಾರವಾನಿನ ಹಿಂದೆ ನಿಲ್ಲಿಸಿ, ತಾವು ಒಳಗೆ ಕುಳಿತು ಒಂದೊಂದೇ ಸ್ವಿಚ್ಚನ್ನು ಒತ್ತುತ್ತ, ಎಡ ಬಂತೆ, ಬಲ ಬಂತೆ, ಬ್ರೇಕು ಬಂತೆ ಎಂದು ಕೂಗಿ ಕೇಳುತ್ತಾರೆ. ಹಿಂದೆ ನಿಂತವನ ಉತ್ತರವೂ ಶಬ್ದವೇ ಅಲ್ಲವೆ, ಅದಕ್ಕೆ ಪ್ರಮಾಣವೇನೆಂದು ಆಕ್ಷೇಪಿಸುವವರಿಗೆ ನಾನು ಕೊಡುವ ಸಮಾಧಾನ ಇಷ್ಟು: ಮೀಟರಾಗಲಿ ಫಲಕವಾಗಲಿ ವಕ್ತೃವಿನ ಕಡೆಯಿಂದ ಮಾತನ್ನು ಪರೀಕ್ಷಿಸಿದರೆ, ಇವನು ನಿಂತಿರುವುದು ಶ್ರೋತೃವಿನ ಸ್ಥಾನದಲ್ಲಿ. ಮಾತು ಯಾರಲ್ಲಿ ಅರಿವನ್ನು ಹುಟ್ಟಿಸಬೇಕಾಗಿತ್ತೋ ಅಂಥವನೊಬ್ಬನಲ್ಲಿ ಅದು ಹುಟ್ಟಿತೆಂಬುದಕ್ಕೆ ಅವನ ಕಣ್ಣಿನ ಕಾಣ್ಕೆಯೇ ಸಾಕ್ಷಿ. ಅದಕ್ಕಿಂತ ಆಚೆಗೆ ಸತ್ಯಕ್ಕೆ ಬೇರೆ ಪ್ರಯೋಜನವಿಲ್ಲವಾದುದರಿಂದ ಪರೀಕ್ಷೆ ಅಲ್ಲಿ ನಿಲ್ಲುತ್ತದೆ, ಗಾಡಿ ಹೊರಡಬಹುದು.